ಒಂಟಿ ಸೀಟಿ

ಮದನಪಲ್ಲಿಯಿಂದ ಬಂದ ಕೊನೇ ಟ್ರಿಪ್ಪಿನಲ್ಲಿ,
ಖಾಲಿ ಟೊಮೇಟೊ ಕ್ರೇಟಿನ ಹಿಂದೆ ಸಿಕ್ಕಿತು.
ಯಾರು ಹತ್ತಿಸಿದರೋ, ಎಲ್ಲಿ ಹತ್ತಿಸಿದರೋ,
ಟಿಕೆಟ್ಟಿಲ್ಲ, ಲಗೇಜಿಲ್ಲ, ಕಣ್ಣಲ್ಲಿನ್ನೂ ನೀಲಿ ಪೊರೆ.
ಡ್ರೈವರ್ ಮುನಿಶಾಮಣ್ಣ ಟಾರ್ಚು ಬಿಟ್ಟು ನೋಡಿ
"ಚೆಕಿಂಗಿನವರು ಹತ್ತಿದ್ದರೆ ನಿನಗೆ ಮೆಮೋ ಗ್ಯಾರಂಟಿ" ಅಂದ.
ಕ್ಯಾಶು ಕಟ್ಟಿ, ಮೆಷಿನ್ನು ಒಪ್ಪಿಸಿ,
ಬರಿದಾದ ಚರ್ಮದ ಚೀಲದಲ್ಲಿ ಅದನ್ನಿಟ್ಟುಕೊಂಡು
ಚಿಂತಾಮಣಿ ಡಿಪೋದ ಗೇಟು ದಾಟಿದೆ.
ದಿನವಿಡೀ ಕೇಳಿ ಕೇಳಿ ಸಿಗದಿದ್ದದ್ದು
ಚೀಲದೊಳಗೆ ಬೆಚ್ಚಗೆ ಮಿಸುಕಾಡುತ್ತಿತ್ತು.
ಹಾಗಾಗಿ ಹೆಸರು: ಚಿಲ್ಲರೆ.

ಮೊದಲ ವಾರ ಮನೆತುಂಬ ಗೋಣಿತಾಟು.
ಅತ್ತೆ ಪಾಪಕ್ಕ ಮೂಗಿಗೆ ಸೆರಗು ಹಿಡಿದು ಬೈದರು,
ಬೈಯುತ್ತಲೇ ರಾಗಿ ಅಂಬಲಿಗೆ ಹಾಲು ಬೆರೆಸಿ
ಬೆರಳಿಂದ ನೆಕ್ಕಿಸಿದರು.
ಖಾಕಿ ಕೋಟಿನ ಗುಂಡಿ, ಗೋಡೆಯ ಸುಣ್ಣ,
ಲೋಹಿತನ ಸಮಾಜ ಪುಸ್ತಕದ ದಕ್ಷಿಣ ಅಮೆರಿಕ,
ಎಲ್ಲ ಅದರ ಹೊಟ್ಟೆಗೆ.
ನಡುರಾತ್ರಿ ಎತ್ತಿಕೊಂಡು ಚರಂಡಿ ಪಕ್ಕ ನಿಲ್ಲಿಸಿದರೆ
ನಕ್ಷತ್ರ ನೋಡುತ್ತ ನಿಲ್ಲುತ್ತಿತ್ತು,
ಒಳಗೆ ಬಂದು ಚಾಪೆಯ ಮೇಲೆ ಕೆಲಸ ಮುಗಿಸುತ್ತಿತ್ತು.

ಕರೆಯುವುದರಲ್ಲೇ ಜಗಳ.
ಅತ್ತೆ "ಇಟ್ರಾ" ಅನ್ನುವರು,
ಪಕ್ಕದ ಮನೆಯ ಜರೀನಾ ಮೂಳೆ ತೋರಿಸಿ "ಆಜಾ",
ನಾನು "ಬಾ", ಮಗ ಮೊಬೈಲಲ್ಲಿ ಕಲಿತ "ಕಮ್, ಸಿಟ್, ಸ್ಟೇ".
ಚಿಲ್ಲರೆ ಅಂಗಳದ ನಡುವೆ ಕೂತು
ತನ್ನ ಬಾಲ ತಾನೇ ಕಚ್ಚಿಕೊಂಡಿತು.
ಈ ಗಡಿಯೂರಲ್ಲಿ ನಮಗೆ ಅಭ್ಯಾಸ,
ಅದಕ್ಕಿನ್ನೂ ತಿಂಗಳೆರಡು.

ಆಗ ಹೊಳೆದದ್ದು ಸೀಟಿ.
ಹನ್ನೊಂದು ವರ್ಷದಿಂದ ಕತ್ತಿನಲ್ಲಿ ತೂಗುವ
ಎರಡೇ ಅಕ್ಷರದ ಭಾಷೆ:
ಒಂಟಿ ಸೀಟಿಗೆ ನಿಲ್ಲು, ಜೋಡಿ ಸೀಟಿಗೆ ಹೊರಡು.
ಅಂಗೈಯಲ್ಲಿ ಉಪ್ಪು ಹಾಕದ ಕೋಳಿಯ ಚೂರು,
ಬೆಳಗಿನ ಡ್ಯೂಟಿಗೆ ಮುಂಚೆ ಅರ್ಧ ಗಂಟೆ
ಖಾಲಿ ಸೈಟಿನ ಮುಳ್ಳುಗಂಟಿಯ ನಡುವೆ.
ಹದಿನೈದೇ ದಿನ!
ಎಂಬತ್ತು ಜನ ತುಂಬಿದ ಬಸ್ಸಲ್ಲೂ
ನನ್ನ ಮಾತಿಗೆ ಯಾರೂ ಹೀಗೆ ತಟ್ಟನೆ ಕುಂಡಿ ಊರಿದ್ದಿಲ್ಲ.
ಬೀದಿಗೆಲ್ಲ ಕರೆದು ತೋರಿಸಿದೆ. ಜಂಬವೇ, ಸುಳ್ಳೇಕೆ.

ಆಮೇಲೊಂದು ಸೋಮವಾರ
ಮರೆತು ಬಂದ ಬುತ್ತಿ ಕೊಡಲು ಲೋಹಿತ ಬಸ್‌ಸ್ಟ್ಯಾಂಡಿಗೆ ಬಂದ.
ಹಗ್ಗ ಜಾರಿಸಿಕೊಂಡು ಚಿಲ್ಲರೆ ನನ್ನತ್ತ ಓಡಿತು.
ಬಾಗೇಪಲ್ಲಿ ಬಸ್ಸು ಹಿಂದಕ್ಕೆ ಬರುತ್ತಿತ್ತು.
ಆಚೆ ಕೋಲಾರದ ಬಸ್ಸಿನ ಕಂಡಕ್ಟರು
ಓಡಿ ಬರುವ ಯಾರಿಗೋ ಊದಿದ, ಒಂದೇ ಒಂದು ಸೀಟಿ.
ಕೋಲಾರದ ಬಸ್ಸು ನಿಂತಿತು.
ಚಿಲ್ಲರೆಯೂ ಕೂತಿತು,
ಬಾಗೇಪಲ್ಲಿಯ ಹಿಂಗಾಲಿಯ ದಾರಿಯಲ್ಲಿ,
ಬೆನ್ನು ನೆಟ್ಟಗೆ, ಕೋಳಿಯ ಚೂರಿಗೆ ಕಾಯುತ್ತ,
ನನ್ನನ್ನೇ ನೋಡುತ್ತ.

ಬಾಯಲ್ಲೇ ಇತ್ತು ಸೀಟಿ.
ಒಂದು ಊದಿದರೆ ಬಸ್ಸು ನಿಂತೀತು,
ಎರಡು ಊದಿದರೆ ಅದು ಎದ್ದೀತು,
ಎರಡರ ನಡುವೆ ಉಸಿರು ಸಿಕ್ಕಿಕೊಂಡಿತು.
ಕಡಲೆಕಾಯಿ ನಾರೆಪ್ಪ ತಟ್ಟೆ ಬಿಸಾಕಿ ನುಗ್ಗಿ
ಚಪ್ಪಲಿಗಾಲಲ್ಲಿ ಒದ್ದ.
ಕುಂಯ್ ಎಂದು ಉರುಳಿ ಬಂತು ನನ್ನ ಕಾಲಬುಡಕ್ಕೆ.
ಚಕ್ರದಡಿ ಕಡಲೆಕಾಯಿ ಚಟಪಟ ಒಡೆದವು.

ನಿಲ್ಲುವುದನ್ನು ಕಲಿಸಿದ್ದೆ.
ಯಾರ ಮಾತಿಗೆ ಅನ್ನುವುದನ್ನು ಕಲಿಸಿರಲಿಲ್ಲ.

ಮಾರನೇ ದಿನ ನಾರೆಪ್ಪನಿಗೆ ಐನೂರರ ನೋಟು ಚಾಚಿದೆ,
"ಚಿಲ್ಲರೆ ನಿನ್ ಹತ್ರಾನೇ ಐತಲ್ಲಕ್ಕಾ" ಎಂದು
ಹಲ್ಲು ಬಿಟ್ಟ, ಮುಟ್ಟಲಿಲ್ಲ.

ಈಗ ಮತ್ತೆ ಮೊದಲಿಂದ.
ಮನೆಗೆ ಬಂದೊಡನೆ ಸೀಟಿ ಮೊಳೆಗೆ.
ಖಾಲಿ ಸೈಟಲ್ಲಿ ಕುಕ್ಕುರುಗಾಲಲ್ಲಿ ಕೂತು
ಬರೀ ಹೆಸರು ಹಿಡಿದು ಕರೆಯುತ್ತೇನೆ.
ಅದು ಹೊರಟಾಗ ಲೋಹಿತ ಆಚೆಯಿಂದ ಸೀಟಿ ಊದುತ್ತಾನೆ,
ಅದೂ ಪಾಠವೇ.
ಕೆಲವು ಸಲ ಕೂರುತ್ತದೆ, ಕೆಲವು ಸಲ ಬರುತ್ತದೆ,
ಹೆಚ್ಚು ಸಲ ಅರ್ಧ ದಾರಿಯಲ್ಲಿ
ಒಂದು ಕಿವಿ ಅತ್ತ, ಒಂದು ಕಿವಿ ಇತ್ತ.

ಇವತ್ತು ಕೈವಾರ ಕ್ರಾಸು ಬರುವಾಗ
ಸೊನ್ನೆ ಟಿಕೆಟ್ಟು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿ
"ಇಲ್ಲೇ ನಿಲ್ಸಮ್ಮಾ" ಅಂದಳು.
ಸೀಟಿ ತುಟಿಗಿಟ್ಟೆ.
ಬಗ್ಗಿ, ಬಾಗಿಲಿಂದ ಹಿಂದಿನ ರಸ್ತೆಯನ್ನೊಮ್ಮೆ ನೋಡಿ,
ಆಮೇಲೆ ಊದಿದೆ.