ಆರೂವರೆ ಅಡಿ

ಆಗ ನಾನು ಮಾಂಟ್ರಿಯಲ್‌ನ ಒಂದು ನೆಲಮಾಳಿಗೆಯಲ್ಲಿ
ಕಸ ಗುಡಿಸುವವನು.
ಕಸವೆಂದರೆ ಫಿಲ್ಮಿನ ತುಂಡು:
ಕತ್ತರಿಗೆ ಸಿಕ್ಕ ಕೈ, ಬಾಗಿಲು, ಅರ್ಧ ನಗು,
ಹಾರುವ ಮೊದಲೇ ಮುಗಿದ ಕಡಲಹಕ್ಕಿ.
ಹೊರಗೆ ಫೆಬ್ರವರಿ. ಕಿಟಕಿಯ ಅರ್ಧಕ್ಕೆ ಹಿಮ,
ಉಳಿದರ್ಧದಲ್ಲಿ ಬರೀ ಬೂಟುಗಳು ನಡೆದಾಡುವ ಲೋಕ.

ಮೇಜಿನ ಮುಂದೆ ಗಿಲೇನ್ ಲಬ್ರೆಕ್,
ಎಸೆಯಲಾರದ ಪಟ್ಟಿಗಳನ್ನು ಕೊರಳಿಗೆ ಇಳಿಬಿಟ್ಟು
ಅಳತೆಟೇಪು ಮರೆತ ದರ್ಜಿಯ ಹಾಗೆ.

ಪುಟ್ಟ ಪರದೆಯಲ್ಲಿ ಡೆಲ್ಫೀನ್ ಆರ್ಸೆನೋ.
ಗಾಸ್ಪೆ ಕರಾವಳಿಯ ಮೀನಿನ ಕಾರ್ಖಾನೆ;
ಹತ್ತೊಂಬತ್ತು ವರ್ಷ, ಕಾಡ್ ಮೀನಿನ ಕಿವಿರೆತ್ತಿ ನೋಡಿ
ಪೆಟ್ಟಿಗೆಗೆ ಮೊಹರು ಒತ್ತುವ ಕೆಲಸ:
ಮೊದಲ ದರ್ಜೆ, ಎರಡನೆಯದು, ಗೊಬ್ಬರಕ್ಕೆ.
ಆ ಆಗಸ್ಟಿನಲ್ಲಿ ಐಸಿನ ಯಂತ್ರ ಕೆಟ್ಟಿತು,
ನಾನೂರು ಪೆಟ್ಟಿಗೆ ಮೂರು ದಿನ ಬೆವರಿದವು.
ಮೊದಲ ದರ್ಜೆ ಒತ್ತು, ಅಂದರು.
ಅವಳು ಮೊಹರನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು
ಮನೆಗೆ ನಡೆದಳು.

ಅಷ್ಟೇ ಕಥೆ. ಗುಂಡು ಹಾರಲಿಲ್ಲ, ಬಾವುಟ ಏರಲಿಲ್ಲ.
ಕೆಲಸ ಹೋಯಿತು. ಅಂಗಡಿಯವನು ಸಾಲ ನಿಲ್ಲಿಸಿದ.
ಗಂಡ ಒಂದು ವಾರ ಮಾತು ಬಿಟ್ಟಿದ್ದನಂತೆ.

ಕ್ಯಾಮೆರಾದ ಹಿಂದಿನಿಂದ ಪ್ರಶ್ನೆ:
"ಒಂದು ಮೊಹರು ತಾನೇ, ಒತ್ತಿಬಿಡಬಹುದಿತ್ತಲ್ಲ?"
ಉತ್ತರವಿಲ್ಲ.
ಒಲೆಯ ಮೇಲೆ ಕೆಟಲು ಕುದಿಯುತ್ತದೆ, ಇಳಿಸುವುದಿಲ್ಲ.
ಮೇಜಿನ ಮೇಲೆ ಬಿದ್ದ ಸಕ್ಕರೆಯ ಹರಳೊಂದನ್ನು
ಹೆಬ್ಬೆರಳಲ್ಲಿ ಅಂಚಿನ ತನಕ ತಳ್ಳಿ
ಮತ್ತೆ ಹಿಂದಕ್ಕೆಳೆಯುತ್ತಾಳೆ.
ಹನ್ನೊಂದು ಸೆಕೆಂಡು.
ಆಮೇಲೆ: "ಅದನ್ನು ಯಾರೋ ತಿನ್ನುತ್ತಿದ್ದರು."

ನಿರ್ಮಾಪಕ ಬಂದ, ಕೋಟಿನ ಹಿಮ ಕೊಡವಿದ.
"ಈ ಖಾಲಿ ಯಾಕೆ? ಜನ ಎದ್ದುಹೋಗುತ್ತಾರೆ.
ಪ್ರಶ್ನೆ ಬಿತ್ತು, ಉತ್ತರ ಬಂತು, ಥಟ್ಟನೆ.
ಆಗಲ್ಲವೇ ಧೈರ್ಯ ಕಾಣುವುದು?"
ಗಿಲೇನ್ ತಲೆಯಾಡಿಸಿದಳು. ಕತ್ತರಿಸಿದಳು.
ಇನ್ನೂರ ಅರವತ್ತನಾಲ್ಕು ಚೌಕ.
ಗೋಡೆಯ ಮೊಳೆಗೆ ತೂಗುಹಾಕಿ ಅಳೆದವನು ನಾನು:
ಆರೂವರೆ ಅಡಿ ಚಿಲ್ಲರೆ.
ಡೆಲ್ಫೀನಳಿಗಿಂತ ಎತ್ತರ.

ಮೌನ ಸಮ್ಮತಿ ಲಕ್ಷಣ ಎಂದವರು ಯಾರೋ,
ಆ ಪಟ್ಟಿಯನ್ನು ದೀಪಕ್ಕೆ ಹಿಡಿದು ನೋಡಿರಲಿಲ್ಲ.
ಒಂದೊಂದು ಚೌಕದಲ್ಲೂ ಬಾಡಿಗೆ ನಿಂತಿತ್ತು,
ಮಗಳ ಹರಿದ ಬೂಟು, ಗೋಡೆಗೆ ತಿರುಗಿ ಮಲಗಿದ ಗಂಡನ ಬೆನ್ನು.
ಒಂದೊಂದರಲ್ಲೂ ಅವಳು
ತಪ್ಪಾಯಿತು ಅನ್ನಬಹುದಿತ್ತು.
ಇನ್ನೂರ ಅರವತ್ತನಾಲ್ಕು ಸಲ ಅನ್ನಲಿಲ್ಲ.

ಲ್ಯಾಬಿಗೆ ಕಳಿಸುವ ಹಿಂದಿನ ರಾತ್ರಿ
ಗಿಲೇನ್ ನನ್ನ ಕೈಯ ಪೊರಕೆ ಕಸಿದು
ಆ ಪಟ್ಟಿಯ ತುದಿ ಕೊಟ್ಟಳು.
"ಹಿಡಿ. ನಡುಗಬೇಡ."
ನಡುಗಿದೆ. ಅಂಟು ಕೂತಿತು, ತುಸು ಸೊಟ್ಟ.
ಗೊತ್ತಾದರೆ? ಅಂದೆ.
"ಗೊತ್ತಾಗಲಿ ಅಂತಲೇ," ಅಂದಳೋ,
ಇಷ್ಟು ವರ್ಷದ ಮೇಲೆ ನಾನೇ ಅನ್ನಿಸುತ್ತಿದ್ದೇನೋ.
ಗೊತ್ತಾಯಿತು. ಮುಂದಿನ ಚಿತ್ರದಲ್ಲಿ
ಅವಳ ಹೆಸರಿನ ಜಾಗಕ್ಕೆ ಬೇರೆ ಹೆಸರಿತ್ತು.

ಜೂನಿನಲ್ಲಿ ರೀಲಿನ ಡಬ್ಬ ಹೊತ್ತು
ಆ ಊರಿಗೆ ಹೋದವನೂ ನಾನೇ.
ಚರ್ಚಿನ ಕೆಳಗಿನ ಹಾಲು, ಪರದೆಗೆ ಯಾರದೋ ಮಂಚದ ಚಾದರ,
ನಡುವೆ ಇಸ್ತ್ರಿ ಸುಟ್ಟ ಕಲೆ.
ಮೊದಲ ಸಾಲಲ್ಲೇ ಕಾರ್ಖಾನೆಯ ಮ್ಯಾನೇಜರ್, ಪತ್ನೀಸಮೇತ.
ಕೊನೆಯಲ್ಲಿ, ಬಾಗಿಲ ಪಕ್ಕ, ಕೋಟು ಕಳಚದೆ ಡೆಲ್ಫೀನ್.

ಪ್ರಶ್ನೆ ಬಿತ್ತು.
ಒಬ್ಬರೂ ಏಳಲಿಲ್ಲ.
ಮ್ಯಾನೇಜರನ ಹೆಂಡತಿ ಕೈಚೀಲದ ಬಾಯಿ ತೆರೆದಳು,
ಮುಚ್ಚಲು ಮರೆತಳು.
ಚಾದರದ ಮೇಲೆ ಕೆಟಲು ಕುದಿಯಿತು, ಕುದಿಯಿತು,
ಕತ್ತಲಲ್ಲಿ ಯಾರೋ ಮುದುಕಿ, ಸಂಕಟ ತಾಳಲಾರದೆ:
"ಇಳಿಸೇ ಅದನ್ನ, ಡೆಲ್ಫೀನ್!"

ದೀಪ ಹತ್ತಿದ ಮೇಲೆ ನನ್ನ ಬಳಿ ಬಂದಳು.
ಚಿತ್ರ ಹೇಗಿತ್ತೆಂದು ನಾನು ಕೇಳಲಿಲ್ಲ,
ಮೊಹರು ಈಗೆಲ್ಲಿ ಎಂದೂ.
"ಅವತ್ತು ಅದರ ತಳ ಸುಟ್ಟೇ ಹೋಯಿತು," ಅಂದಳು.
"ಈಗಲೂ ಅದರಲ್ಲೇ ಕಾಯಿಸುತ್ತೇನೆ.
ಚಹಾ ಸ್ವಲ್ಪ ಕಬ್ಬಿಣ ನಾರುತ್ತೆ.
ಬಾ."