ತುಟಿಮಾತು

ನಮ್ಮಜ್ಜಿ ವಿಯೆಸ್ವಾವಾ ಕಿವುಡಿ.
ಹುಟ್ಟುಕಿವುಡಲ್ಲ, ವೂಚ್ ಪಟ್ಟಣದ ಹತ್ತಿ ಗಿರಣಿಯಲ್ಲಿ
ಇಪ್ಪತ್ತೊಂಬತ್ತು ವರ್ಷ ದುಡಿದು ಸಂಪಾದಿಸಿದ್ದು.
ನಿವೃತ್ತಿಯ ದಿನ ಎರಡು ಕೊಟ್ಟರು ಅನ್ನುತ್ತಾಳೆ,
ಒಂದು ಗೋಡೆ ಗಡಿಯಾರ, ಒಂದು ಕಿವುಡು.
ಗಡಿಯಾರ ಎಂದೋ ಕೆಟ್ಟಿತು.

ಒಂದೇ ಸೂರಿನಡಿ ಆರುನೂರು ಮಗ್ಗ.
ಲಾಳಿಯ ಬಡಿತಕ್ಕೆ ಕಿಟಕಿಯ ಗಾಜು, ಬಾಯೊಳಗಿನ ಹಲ್ಲು,
ಬಾಣಂತಿಯರ ಎದೆಹಾಲು ಕೂಡ ನಡುಗುತ್ತಿತ್ತಂತೆ.
ಮಾತು ಹೊರಬಿದ್ದರೆ ಅಲ್ಲೇ ನುಚ್ಚುನೂರು.
ಅದಕ್ಕೇ ಹೆಂಗಸರು ದನಿಯನ್ನು ಬಿಟ್ಟುಕೊಟ್ಟು
ತುಟಿಯನ್ನಷ್ಟೇ ಉಳಿಸಿಕೊಂಡರು.
ಸದ್ದು ಹಾಸು, ಸದ್ದಿಲ್ಲದ ಮಾತು ಹೊಕ್ಕು.
ಮೂರು ಮಗ್ಗ ಆಚೆಯ ಗ್ರಾಜಿನಾ ಗಂಡನನ್ನು ಬಿಟ್ಟದ್ದು,
ಬಿಟ್ಟವನನ್ನು ಮತ್ತೆ ಒಳಗೆ ಕರೆದದ್ದು,
ಯಾವ ಬುಧವಾರ ಅಂಗಡಿಗೆ ಹಂದಿಯ ಕಾಲು ಬರುತ್ತದೆಂಬುದು,
ಮೇಸ್ತ್ರಿ ಶಿಮಾನ್ಸ್ಕಿಯ ಚಡ್ಡಿಯ ಮೇಲೆ ಕಟ್ಟಿದ ಪದ,
ಮತ್ತೆ ಒಂದು ಫೆಬ್ರವರಿಯಲ್ಲಿ
‘ಹತ್ತಕ್ಕೆ ನಿಲ್ಲಿಸಿ’ ಎಂಬ ಎರಡೇ ಮಾತು
ತುಟಿಯಿಂದ ತುಟಿಗೆ ದಾಟಿದ್ದು.
ಮೇಸ್ತ್ರಿ ನಟ್ಟನಡುವೆ ನಿಂತೇ ಇದ್ದ.
ಗೋಡೆಗೂ ಕಿವಿಯಿದ್ದ ಕಾಲ,
ಆದರೆ ಗಿರಣಿಯ ಗೋಡೆ
ನಮಗಿಂತ ಮೊದಲೇ ಕಿವುಡಾಗಿತ್ತು ಬಿಡು, ಅನ್ನುತ್ತಾಳೆ.
ಹತ್ತಕ್ಕೆ ಆರುನೂರೂ ನಿಂತವು.
ಯಾರಿಗೋ ಬಿಕ್ಕಳಿಕೆ ಬಂತು.
ಇಡೀ ಗಿರಣಿ ಕೇಳಿಸಿಕೊಂಡಿತು.

ನನ್ನ ಕೆಲಸ ಹೆದ್ದಾರಿ ಬದಿಯ ಗೋದಾಮಿನಲ್ಲಿ.
ಕಂಪನಿಯ ಹೆಸರು ಹೇಳುವುದಿಲ್ಲವೆಂದು ಸಹಿ ಹಾಕಿದ್ದೇನೆ.
ನೆಲ ಆಸ್ಪತ್ರೆಯಷ್ಟು ಚೊಕ್ಕಟ, ಹವೆ ಹದ,
ಸದ್ದಿಲ್ಲ, ಧೂಳಿಲ್ಲ, ಯಾರೂ ಬೈಯುವುದಿಲ್ಲ.
ಇಲ್ಲಿನ ಮೇಸ್ತ್ರಿಗೆ ಚಡ್ಡಿಯಿಲ್ಲ, ಪದ ಕಟ್ಟುವುದು ಹೇಗೆ?
ಅವನು ನನ್ನ ಮಣಿಕಟ್ಟಿನಲ್ಲೇ ಇದ್ದಾನೆ,
‘ಶಾಭಾಸ್ ಕಲೀನಾ. ಹದಿನೇಳನೇ ಸಾಲು. ಹನ್ನೊಂದು ಸೆಕೆಂಡು.’

ಮೊನ್ನೆ ಓದಾರ್ಕಾಳ ಶೂ ದಾರ ಬಿಚ್ಚಿತು.
ಖಾರ್ಕಿವ್‌ನವಳು, ಅಲ್ಲಿ ಭೂಗೋಳ ಕಲಿಸುತ್ತಿದ್ದಳು.
ಬಗ್ಗಿ ಕಟ್ಟಿಕೊಂಡು ಏಳುವಷ್ಟರಲ್ಲಿ ಮಣಿಕಟ್ಟು ಗುಣುಗಿತು,
ಕಾರಣವಿಲ್ಲದ ಒಂಬತ್ತು ಸೆಕೆಂಡು. ಕಾರಣ ಆರಿಸಿ.
ಪಟ್ಟಿಯಲ್ಲಿ ಶೌಚ ಇತ್ತು, ಗಾಯ ಇತ್ತು, ಪ್ರಾರ್ಥನೆ ಇತ್ತು.
ಶೂ ದಾರ ಇರಲಿಲ್ಲ.
ದೇವರನ್ನು ನಂಬದವಳು
ಪ್ರಾರ್ಥನೆ ಒತ್ತಿದಳು.

ಅಜ್ಜಿಯ ಯಂತ್ರ ಅಜ್ಜಿಯ ಕಿವಿ ತಿಂದಿತು,
ಹೊಟ್ಟೆ ತುಂಬಿತೋ ಏನೋ, ಮಾತನ್ನು ಮುಟ್ಟಲಿಲ್ಲ.
ನನ್ನದು ಬಲು ಸೌಮ್ಯ. ಏನನ್ನೂ ತಿನ್ನುವುದಿಲ್ಲ.
ಕಾರಣ ಕೇಳುತ್ತದೆ, ಅಷ್ಟೇ.
ಕೇಳಿ ಕೇಳಿ ಈಗ
ಮನೆಯಲ್ಲಿ ಚಹಾಕ್ಕೆ ನೀರಿಟ್ಟಾಗಲೂ
ಒಳಗೆ ಯಾರಿಗೋ ಉತ್ತರ ಹುಡುಕುತ್ತಿರುತ್ತೇನೆ.

ಕಲಿಸಜ್ಜೀ ಅಂದೆ, ಭಾನುವಾರ.
ಬೀಟ್‌ರೂಟ್ ಸಾರಿನ ಬಟ್ಟಲು ಸರಿಸಿ
ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.
ಅವಸರಪಡಬೇಡ. ಪ, ಬ, ಮ ಮೂರೂ ಒಂದೇ ಮುಖ,
ಹುಬ್ಬಿನಲ್ಲಿ ಬೇರೆ ಮಾಡು. ನಗುವಾಗ ಮಾತಾಡಬೇಡ.
ಸತ್ತವರ ಹೆಸರು ಮಾತ್ರ ನಿಧಾನ ಹೇಳು.
ನಾಲ್ಕು ಭಾನುವಾರ ಕಲಿತೆ.
ಓದಾರ್ಕಾಳಿಗೂ ಕಲಿಸಿದೆ, ಬಸ್ಸಿನಲ್ಲಿ, ಕತ್ತಲ ಗಾಜಿನಲ್ಲಿ.

ಐದನೆಯ ವಾರ ಕಪಾಟುಗಳ ತುದಿಗೆ ಹೊಸ ಕ್ಯಾಮರಾ ಬಂತು.
ನಮ್ಮ ಸುರಕ್ಷತೆಗಂತೆ. ಆಕಳಿಕೆ ಗುರುತಿಸುತ್ತದೆ,
ದಣಿವು ಗುರುತಿಸುತ್ತದೆ, ತುಟಿಯನ್ನೂ ಓದುತ್ತದಂತೆ.

ಹೇಳಿದೆ. ಅಜ್ಜಿ ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡಿದಳು,
ತಪ್ಪು ಓದಿದೆನೇನೋ ಎಂಬಂತೆ.
ಆಮೇಲೆ ಮೇಜಿನ ಕೆಳಗಿಂದ ಕೈ ಚಾಚಿ
ನನ್ನ ಮೊಣಕಾಲನ್ನು ಎರಡು ಸಲ ಒತ್ತಿದಳು.
ಏನದು? ಅಂದೆ.
ಇನ್ನೂ ಅರ್ಥ ಇಟ್ಟಿಲ್ಲ, ಅಂದಳು.

ಸೋಮವಾರ, ಹದಿನೇಳನೇ ಸಾಲಿನಲ್ಲಿ,
ನಮ್ಮಿಬ್ಬರ ಶೂ ದಾರವೂ
ಒಟ್ಟಿಗೇ ಬಿಚ್ಚಿಕೊಂಡವು.