ಒತ್ತಕ್ಷರ

ಸಾಸಿವೆಗಿಂತ ತುಸು ದೊಡ್ಡ ಎಂಟು ಕೆಂಪು ದೀಪ
ನನ್ನ ಟೇಬಲ್ ಫ್ಯಾನಿನ ರೆಕ್ಕೆಗೆ ಸಾಲಾಗಿ ಅಂಟಿಸಿದಳು
ಅಣ್ಣನ ಮಗಳು ಗೌರಾ.
ನಡುವೆ ಹಳೇ ಮೊಬೈಲಿನ ಬ್ಯಾಟರಿ,
ತೂಕ ಸರಿದೂಗಲೆಂದು ಎದುರು ರೆಕ್ಕೆಗೆ
ಕೆಟ್ಟ ಮಗ್ಗದಿಂದ ಬಿಚ್ಚಿದ ನಟ್ಟು.
ಆದರೂ ಫ್ಯಾನು ಟೇಬಲ್ಲಿನ ಮೇಲೆ ನಡೆದಾಡುತ್ತಿತ್ತು.
ಕಾಲಿಗೆ ಇಟ್ಟಂಗಿ ಒತ್ತು ಕೊಟ್ಟೆವು.

ನಿಂತಾಗ ಎಂಟೇ ಎಂಟು ಚುಕ್ಕಿ.
ತಿರುಗಿದರೆ ಗಾಳಿಯಲ್ಲಿ ಅವಳ ಹೆಸರು:
ಗೌರಾ, ಗೌರಾ, ಜಾಲರಿಯ ಒಳಗೆ ಬಳೆಯಾಗಿ.

‘ಇನ್ನ ಅವ್ವ ಅಂತ ಬರಿ’ ಅಂದೆ.
ಬರೆದಳು. ಅವ ಅಂತ ಬಂತು.
ಕೆಳಗಿನ ಒತ್ತಿಗೆ ದೀಪವೇ ಇರಲಿಲ್ಲ,
ನಮ್ಮ ವೈನಿ ಗಂಡಸಾದಳು.
ಅಪ್ಪ ಅಪ ಆದ. ಗುಳೇದಗುಡ್ಡ ಬರೆದರೆ
ಗುಡ್ಡದ ಬುಡ ಕುಸಿದು ಗುಡ.
‘ಇಂಗ್ಲಿಷಿಗೆ ಏಳು ಸಾಕಂತ ಅತ್ತಿ,
ನಮ್ಮದಕ್ಕ ನೆಲಮಾಳಿಗಿ ಬೇಕು.’

ಮರುವಾರ ಹದಿನಾರು ಬೆಸೆದಳು.
ಬೆರಳು ಎರಡು ಕಡೆ ಸುಟ್ಟಿತ್ತು, ತೋರಿಸಲಿಲ್ಲ.

ಪರಪ್ಪಜ್ಜ ನೋಡಲು ಬಂದ,
ನಲವತ್ತು ವರ್ಷ ಖಣದ ಕಾರ್ಡಿಗೆ ತೂತು ಹೊಡೆದವ,
ಎಡಗಣ್ಣಿನ ಪೊರೆ ತೆಗೆಸಿ ಒಂಬತ್ತು ದಿನ.
‘ನಾ ಹೂವು ನೇಯ್ದಾಂವ ಅಲ್ಲವಾ, ತೂತು ಹೊಡದಾಂವ.
ಕಾರ್ಡಿಗೊಂದು ಹೊಕ್ಕು. ಆನಿ ಕಾಣೂದು ಆಮ್ಯಾಲೆ.
ಆದ್ರ ನೂಲು ಉಳೀತೈತಿ. ನಿಂದು ಎಲ್ಲುಳೀತು?’
‘ನಿನ್ನ ಕಣ್ಣಾಗ, ಅಜ್ಜಾ. ಒಂದು ಚೂರು ಹೊತ್ತು.’
‘ಹಂಗಾರ ಮಗ್ಗ ನಾನ ಆದಂಗಾತು’ ಅಂದು
ಕಪ್ಪು ಕನ್ನಡಕ ತೆಗೆದ. ಬೇಡವೆಂದೆ, ಕೇಳಲಿಲ್ಲ.

ಪರಪ್ಪ ಅಂತ ಬರೆಯುವಷ್ಟರಲ್ಲಿ ಕರೆಂಟು ಹೋಯಿತು.
ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು.
ರೆಕ್ಕೆ ಸೋತಿತು, ಅಕ್ಷರ ಹರಿದವು,
ಚುಕ್ಕಿ ಚುಕ್ಕಿಯಾಗಿ ಉದುರಿದವು.
ರೆಕ್ಕೆ ನೆಟ್ಟಗೆ ನಿಂತಿತು.
ಬ್ಯಾಟರಿಗೆ ಇದೇನೂ ಗೊತ್ತಿಲ್ಲ:
ಪ, ರ, ಪ, ಒತ್ತು, ಒಂದೇ ಕಡ್ಡಿಯಲ್ಲಿ
ಒಂದರ ಮೇಲೊಂದು ಹೇಳುತ್ತಲೇ ಇತ್ತು,
ಸರಿಯಲು ಜಾಗವಿಲ್ಲದೆ.

ಕತ್ತಲಲ್ಲಿ ಅಜ್ಜ ಕತ್ತನ್ನು ಎಡದಿಂದ ಬಲಕ್ಕೆ
ಲಾಳಿ ಹೊಡೆದಂತೆ ಸರಕ್ಕನೆ ಹೊರಳಿಸಿದ.
‘ಬಂತು’ ಅಂದ. ‘ಒತ್ತು ಬಿತ್ತು.’
ಗೌರಾ ನಕ್ಕಳು. ನಾನೂ ತಿರುವಿದೆ
ಎರಡು ಸಲ, ಮೂರು ಸಲ.
ಕಂಡದ್ದು ಬರೀ ಕೆಂಪು ಗೀರು.
ಕುತ್ತಿಗೆ ಹಿಡಿಯಿತು.